ಅಮ್ಮನ ನಾಲಗೆ, ಚಿಗವ್ವನ ಬಳ್ಳಿ

ನಮ್ಮ ಅಡುಗೆಮನೆಗೆ ಎರಡು ಬಾಗಿಲು. ಒಂದು ಪಡಸಾಲೆಗೆ, ಇನ್ನೊಂದು ಹಿತ್ತಲಿಗೆ. ಹಿತ್ತಲ ಬಾಗಿಲ ಬದಿಗೆ ಒಂದು ಮಣೆ ಹಾಕಿಕೊಂಡು ಅಮ್ಮ ಕುಳಿತಿರುತ್ತಿದ್ದಳು. ಅಮ್ಮ ಎಂದರೆ ಅಪ್ಪನ ತಾಯಿ. ಹೆತ್ತವಳನ್ನು ನಾವು ಅವ್ವ ಎನ್ನುತ್ತಿದ್ದೆವು. ಆ ಮಣೆಯ ಮೇಲಿಂದ ಒಲೆ ಕಾಣುತ್ತಿತ್ತು, ಹಿತ್ತಲ ಬೇಲಿ ಕಾಣುತ್ತಿತ್ತು, ಕತ್ತು ಒಂದಿಷ್ಟು ಹೊರಳಿಸಿದರೆ ಪಡಸಾಲೆಯಲ್ಲಿ ಯಾರು ಬಂದರು, ಬಂದವರು ಏನು ಹಿಡಿದುಕೊಂಡು ಹೋದರು ಎಂಬುದೂ ಕಾಣುತ್ತಿತ್ತು. ಬಮ್ಮಿಗಟ್ಟಿಯ ಆ ಮನೆಯಲ್ಲಿ ನಾನು ಬುದ್ಧಿ ತಿಳಿದಾಗಿನಿಂದ ಕಂಡದ್ದು ಅಮ್ಮನ ಕಣ್ಣನ್ನು. ಎಣ್ಣೆ ಮಾರಲು ಬರುವವನು ನಕ್ಕು ಮಾತಾಡಿದರೆ ಎಣ್ಣೆಯಲ್ಲಿ ಏನೋ ಬೆರೆಸಿದ್ದಾನೆ ಎಂದು ಅವಳ ಲೆಕ್ಕ. ನಗದಿದ್ದರೆ ಅಳತೆಯಲ್ಲಿ ಹೊಡೆದಿದ್ದಾನೆ. ಪಕ್ಕದ ಮನೆಯವರು ಹಬ್ಬದ ಹೋಳಿಗೆ ಕೊಟ್ಟು ಕಳಿಸಿದರೆ ಅದನ್ನು ಮೊದಲು ಎಮ್ಮೆಗೆ ಹಾಕಿಸುತ್ತಿದ್ದಳು. ಎಮ್ಮೆ ಸಂಜೆವರೆಗೆ ಚೆನ್ನಾಗಿದ್ದರೂ ನಮಗೆ ಹೋಳಿಗೆ ಸಿಗುತ್ತಿರಲಿಲ್ಲ, ಏಕೆಂದರೆ ಎಮ್ಮೆಗೂ ಮನುಷ್ಯರಿಗೂ ವ್ಯತ್ಯಾಸವಿದೆಯಲ್ಲ.

ನಮ್ಮ ಕಡೆ ಮದ್ದು ಎಂಬ ಮಾತೊಂದಿದೆ. ಕೂಡಿ ಬಾಳುವವರೇ ಅನ್ನದಲ್ಲಿ, ಪಲ್ಯದಲ್ಲಿ ಏನೋ ಒಂದು ಬೆರೆಸಿ ಉಣ್ಣಿಸುತ್ತಾರೆ, ಉಂಡವನು ಸೊರಗಿ ಸಾಯುತ್ತಾನೆ, ಇಲ್ಲವೇ ಉಣಿಸಿದವರ ಮಾತಿನಂತೆ ಕುಣಿಯುತ್ತಾನೆ ಎಂಬ ನಂಬಿಕೆ. ನನ್ನ ಅಜ್ಜ ಯಾವುದೋ ಮದುವೆಯ ಊಟ ಮುಗಿಸಿ ಬಂದವನು ವಾಂತಿ ಭೇದಿ ಹತ್ತಿ ತೀರಿಕೊಂಡನಂತೆ. ಆಗ ಸುತ್ತಲ ಊರುಗಳಲ್ಲೆಲ್ಲ ಕಾಲರಾ ಇತ್ತೆಂದು ಅಪ್ಪ ಹೇಳುತ್ತಿದ್ದ. ಅಮ್ಮ ಮಾತ್ರ ಅದನ್ನು ಒಂದು ದಿನವೂ ಒಪ್ಪಲಿಲ್ಲ. ಚಿಕ್ಕ ವಯಸ್ಸಿಗೆ ಎರಡು ಗಂಡುಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಉಳಿದವಳು, ಮುಂದೆ ಅಡುಗೆಮನೆಗೆ ಬರುವ ಪ್ರತಿಯೊಂದನ್ನೂ ತಾನೇ ತಡೆದು ನೋಡತೊಡಗಿದಳು. ಬಳ್ಳಿಯ ಕಾಯಿಗಳ ಮೇಲಂತೂ ಅವಳಿಗೆ ವಿಶೇಷ ಗುಮಾನಿ. ಹೀರೆ, ಸೋರೆ, ಸವತೆ, ಪಡವಲ ಏನೇ ಬರಲಿ, ತೊಟ್ಟಿನ ಕಡೆ ಒಂದು ಬಿಲ್ಲೆ ಕೊಯ್ದು ಅವಳ ಕೈಗೆ ಕೊಡಬೇಕು. ಅದನ್ನು ನಾಲಗೆಯ ತುದಿಗೆ ಹಚ್ಚಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಹಾಕು" ಎನ್ನಬೇಕು. ಅಲ್ಲಿಯವರೆಗೆ ಒಲೆಯ ಮೇಲಿನ ಒಗ್ಗರಣೆ ಸುಟ್ಟು ಕರಿಯಾದರೂ ಸರಿ, ಕಾಯಿ ಪಾತ್ರೆಗೆ ಬೀಳುವ ಹಾಗಿರಲಿಲ್ಲ.

"ಮ್ಯಾಲ ಹಸರ ಕಾಣ್ತೈತಿ. ಒಳಗ ಏನೈತಿ ಯಾರಿಗ್ಗೊತ್ತು. ಬಳ್ಳಿ ಕಾಯಿ ನಂಬಬಾರದು," ಎನ್ನುತ್ತಿದ್ದಳು. ಆ ಮಾತು ಕಾಯಿಗಳಿಗಷ್ಟೇ ಹೇಳಿದ್ದಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅಂಥ ಮನೆಗೆ ಒಂದು ಬೇಸಿಗೆಯಲ್ಲಿ ಕಾಕಾನ, ಅಂದರೆ ಅಪ್ಪನ ತಮ್ಮನ, ಹೆಂಡತಿಯಾಗಿ ನೀಲವ್ವ ಬಂದಳು. ನನಗೆ ಚಿಗವ್ವ. ನವಲಗುಂದದ ಆಚೆಯ ಎರೆಭೂಮಿಯ ಊರಿನವಳು. ಎತ್ತರದ ಆಳು, ಮಾತು ಕಡಿಮೆ, ಆಡಿದರೆ ನೆಟ್ಟಗೆ. ಒಂದು ಟ್ರಂಕು, ಒಂದು ಜಮಖಾನೆ, ಅದರ ಮಡಿಕೆಯೊಳಗೆ ಒಂದು ಬಟ್ಟೆಯ ಗಂಟು. ಮದುವೆಯ ನೆಂಟರು ಹೋದ ಮೇಲೆ ಅಮ್ಮ ಎಲ್ಲವನ್ನೂ ಬಿಚ್ಚಿಸಿ ನೋಡಿದಳು. ಗಂಟಿನೊಳಗೆ ಇನ್ನೂ ಸಣ್ಣ ಸಣ್ಣ ಗಂಟುಗಳಿದ್ದವು.

"ಇದೇನಿದು?"

"ಬೀಜರಿ ಅತ್ತಿ. ಹೀರಿ, ಸೋರಿ, ತುಪ್ಪರಿ, ಕುಂಬಳ. ನಮ್ಮವ್ವ ಕಟ್ಟಿಕೊಟ್ಟಾಳ್ರಿ."

"ನಮ್ಮ ಮನ್ಯಾಗ ಬೀಜ ಇಲ್ಲಂತ ನಿಮ್ಮವ್ವಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ. ಇದ್ರ ಇನ್ನೆರಡ ಬಳ್ಳಿ ಹೆಚ್ಚಿಗಿ ಆಗ್ತಾವ, ಅಷ್ಟ."

ಅಮ್ಮ ಒಂದೊಂದು ಬೀಜವನ್ನೂ ಅಂಗೈಯಲ್ಲಿ ಹೊರಳಿಸಿ, ಮೂಸಿ, ಏನೂ ಸಿಗದೆ ವಾಪಸು ಕೊಟ್ಟಳು. ಏನೂ ಸಿಗದಿರುವುದೇ ಅವಳಿಗೆ ಹೆಚ್ಚು ಅನುಮಾನ ತಂದಿತು. ಸೊಸೆ ಬೆಳ್ಳಿ ತರುತ್ತಾಳೆ, ಸೀರೆ ತರುತ್ತಾಳೆ; ಬೀಜ ಯಾಕೆ ತರುತ್ತಾಳೆ ಎಂದು ಮುಂದೆ ಎಷ್ಟೋ ದಿನ ಅಪ್ಪನೆದುರು, ಅವ್ವನೆದುರು, ಕೊನೆಗೆ ನನ್ನೆದುರೂ ಕೇಳಿದಳು.

ಮುಂಗಾರು ಬಿದ್ದ ಮೇಲೆ ಚಿಗವ್ವ ಬೀಜ ಊರಿದಳು. ನಮ್ಮ ಸೀಮೆಯ ಮಳೆ ಅವಳು ಹುಟ್ಟಿದ ಊರಿನ ಮಳೆಗಿಂತ ಜಾಸ್ತಿ. ಬಳ್ಳಿಗಳು ಹಿಡಿತಕ್ಕೆ ಸಿಗದಂತೆ ಹಬ್ಬಿದವು. ಹೀರೆ ಬೇಲಿಯ ಮೇಲೆ ಹರಿಯಿತು. ತುಪ್ಪರಿ, ಅಂದರೆ ಏಣಿಲ್ಲದ ನುಣುಪು ಹೀರೆ, ಬಚ್ಚಲ ಹಿಂದಿನ ನುಗ್ಗೆಮರ ಏರಿತು. ಕುಂಬಳ ತಿಪ್ಪೆಯ ತುಂಬ ಹರಡಿ ಬಣವೆಗೆ ಕೈಹಾಕಿತು. ಸೋರೆಬಳ್ಳಿಯನ್ನು ಚಿಗವ್ವ ಒಂದು ಹಗ್ಗ ಕಟ್ಟಿ ದನದ ಕೊಟ್ಟಿಗೆಯ ಹಂಚಿನ ಮೇಲೆ ಹತ್ತಿಸಿದಳು. ಹೀಚುಕಾಯಿಗೆ ಬೆರಳು ತೋರಿಸಿದರೆ ಕೊಳೆತು ಬೀಳುತ್ತದೆಂದು ನಮ್ಮಲ್ಲಿ ನಂಬುತ್ತಾರೆ. ಹಾಗಾಗಿ ಎಣಿಸಬೇಕಾದಾಗ ಬೆರಳು ಮಡಚಿ ಗೆಣ್ಣಿನಿಂದ ತೋರಿಸುತ್ತಿದ್ದೆವು. ಅಮ್ಮ ಮಾತ್ರ ನೆಟ್ಟಗೆ ತೋರುಬೆರಳನ್ನೇ ಚಾಚುತ್ತಿದ್ದಳು. ಕಾಯಿ ಕೊಳೆಯಲಿಲ್ಲ. ಅದೂ ಅವಳಿಗೆ ಸರಿಕಾಣಲಿಲ್ಲ.

ಆ ಮಳೆಗಾಲ ನಮ್ಮ ಮನೆಯ ಊಟ ಬದಲಾಯಿತು. ಅದಕ್ಕೂ ಮೊದಲು ಹೀರೆಯಾಗಲಿ ಕುಂಬಳವಾಗಲಿ ಅವ್ವ ಒಂದೇ ಥರ ಮಾಡುತ್ತಿದ್ದಳು: ಒಗ್ಗರಣೆ, ಖಾರದಪುಡಿ, ಉಪ್ಪು, ನೀರು. ಚಿಗವ್ವನ ಕೈಯಲ್ಲಿ ಒಂದು ಹೀರೆಕಾಯಿ ಎರಡು ಅಡುಗೆಯಾಗುತ್ತಿತ್ತು. ಏಣುಗಳನ್ನು ಹೆರೆದು ತೆಗೆದ ಸಿಪ್ಪೆಯನ್ನು ಎಣ್ಣೆಯಲ್ಲಿ ಗರಿಯಾಗುವಂತೆ ಹುರಿದು, ಹಸಿಮೆಣಸು, ಹುಣಸೆ, ಚೂರು ಬೆಲ್ಲ, ಹುರಿದ ಶೇಂಗಾ ಹಾಕಿ ಒರಳಲ್ಲಿ ಕುಟ್ಟಿದರೆ ಚಟ್ನಿ. ತಿರುಳಿಗೆ ಹೆಸರುಬೇಳೆ ಸೇರಿಸಿದರೆ ಪಲ್ಯ. ತುಪ್ಪರಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬಾಯಲ್ಲಿ ಬೆಣ್ಣೆಯ ಹಾಗೆ ಕರಗುವ ಭಜಿ. ಕುಂಬಳವನ್ನು ತುರಿದು ಬೆಲ್ಲದಲ್ಲಿ ಬೇಯಿಸಿ, ಗೋಧಿಹಿಟ್ಟು ಕಲಸಿ, ಮೇಲೆ ಗಸಗಸೆ ಒತ್ತಿ ಗಾರಿಗೆ ಕರಿಯುತ್ತಿದ್ದಳು. ಹಾಗಲಕಾಯಿಯ ಹೊಟ್ಟೆ ಸೀಳಿ, ಉಪ್ಪು ಸವರಿ ಇಟ್ಟು, ಕಹಿನೀರು ಹಿಂಡಿ, ಎಳ್ಳು ಬೆಲ್ಲ ತುಂಬಿ ದಾರ ಸುತ್ತಿ ಬೇಯಿಸುತ್ತಿದ್ದಳು. ಒಂದು ದಿನ ಊಟದಲ್ಲಿ ಅಪ್ಪ, ಎಂದೂ ಕೇಳಿ ಹಾಕಿಸಿಕೊಳ್ಳದ ಅಪ್ಪ, ತಾಟನ್ನು ಸ್ವಲ್ಪ ಮುಂದೆ ಸರಿಸಿದ.

"ಆ ಸಿಪ್ಪಿ ಚಟ್ನಿ ಇನ್ನೊಂದೀಟ ಹಾಕು."

ಬಡಿಸುತ್ತಿದ್ದವಳು ಅವ್ವ. ಅವಳ ಕೈ ಚಟ್ನಿಯ ಬಟ್ಟಲ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಹಾಕಿದಳು. ಅಮ್ಮ ಮಣೆಯ ಮೇಲಿಂದ ಇಬ್ಬರನ್ನೂ ನೋಡಿದಳು. ಆ ಮಧ್ಯಾಹ್ನ ಅವ್ವ ನನ್ನನ್ನು ಉಗ್ರಾಣದ ಕೋಣೆಗೆ ಕರೆದಳು.

"ಗಿರಿಜಾ, ಚಿಗವ್ವ ಅಡಗಿ ಮಾಡೂ ಮುಂದ ಒಲಿ ಹತ್ರ ಕುಂತ ಆಡು. ಆಕಿ ಏನೇನ ಹಾಕ್ತಾಳ ನೋಡು. ಬಂದ ನನಗ ಹೇಳು."

"ಯಾಕ?"

"ನಾನೂ ಕಲಿಬೇಕಲ್ಲ."

ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಕಲಿಯಬೇಕೆಂದರೆ ತಾನೇ ಹೋಗಿ ಕುಳಿತರಾಯಿತಲ್ಲ ಎಂದು ನನಗೂ ಹೊಳೆಯದೆ ಇರಲಿಲ್ಲ. ಆದರೂ ಹೋಗಿ ಕುಳಿತೆ. ಸಂಜೆ ಅವ್ವನಿಗೆ ವರದಿ ಒಪ್ಪಿಸುತ್ತಿದ್ದೆ: ಸಾಸಿವೆ ಹಾಕಿದಳು, ಇಂಗು ಹಾಕಿದಳು, ಗುರೆಳ್ಳು ಪುಡಿ ಹಾಕಿದಳು.

"ಮತ್ತ? ಸೆರಗಿನಾಗಿಂದ ಏನರ ತಗದ್ಲೇನು?"

"ಇಲ್ಲ. ಸೆರಗಿಲೆ ಬೆವರ ಒರಸ್ಕೊಂಡ್ಲು."

"ಬೆವರ ಒರಸ್ಕೊಂಡ್ಲೋ, ಏನರ ತಗದ್ಲೋ? ಸರಿಯಾಗಿ ನೋಡಿದೇನು?"

ಮರುದಿನ ಚಿಗವ್ವ ಬೆವರು ಒರೆಸಿಕೊಂಡಾಗ ನಾನು ಅವಳ ಮುಖ ನೋಡಲಿಲ್ಲ, ಕೈ ನೋಡಿದೆ. ಅಂದಿನಿಂದ ಇಂದಿನವರೆಗೂ ಯಾರನ್ನೇ ಭೇಟಿಯಾದರೂ ನನ್ನ ಕಣ್ಣು ಮೊದಲು ಹೋಗುವುದು ಕೈಗೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ಮಕ್ಕಳು ನನಗೆ ಹೆದರುತ್ತಿದ್ದದ್ದು ಅದಕ್ಕೇ ಎಂದು ಕಾಣುತ್ತದೆ. ಅನುಮಾನವನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಸಾಕು.

ನಾನು ಯಾಕೆ ಕೂಡುತ್ತೇನೆಂದು ಚಿಗವ್ವನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ಹಾಗಲಕಾಯಿ ಸೀಳುತ್ತ, ತಲೆ ಎತ್ತದೆ ಹೇಳಿದಳು:

"ನೋಡಾಕ ಬಂದೀ ಅಂದ್ರ ಹತ್ರ ಬಂದ ನೋಡು. ಅಷ್ಟ ದೂರಿಂದ ಉಪ್ಪು ಯಾವುದು, ಸಕ್ಕರಿ ಯಾವುದು ತಿಳಿಯೂದಿಲ್ಲ."

ನನ್ನ ಕಿವಿ ಬಿಸಿಯಾಯಿತು. ಅವಳು ಬೈಯಲಿಲ್ಲ, ಮಣೆ ಸರಿಸಿ ಜಾಗ ಮಾಡಿದಳು. ಎಳೆಯ ಹೀರೆಯನ್ನು ಉಗುರು ಊರಿ ಗುರುತಿಸುವುದು, ಕುಂಬಳ ಬಲಿತಿದೆಯೋ ಇಲ್ಲವೋ ಎಂದು ತಟ್ಟಿ ಕೇಳುವುದು, ತೊಟ್ಟು ಒಣಗಿದ್ದರೆ ಸಿಹಿ ಹೆಚ್ಚು ಎನ್ನುವುದು, ಗಾರಿಗೆಯ ಹಿಟ್ಟಿಗೆ ನೀರು ಸೇರಿಸದೆ ಕುಂಬಳದ ರಸದಲ್ಲೇ ಕಲಸುವುದು, ಇವೆಲ್ಲ ನನಗೆ ಬಂದದ್ದು ಆ ಗೂಢಚಾರಿಕೆಯ ದಿನಗಳಲ್ಲಿ. ಅವ್ವನಿಗೆ ಹೋಗಿ ಹೇಳಿದ್ದನ್ನೆಲ್ಲ ಅವ್ವ ಮಾಡಿಯೂ ನೋಡುತ್ತಿದ್ದಳು, ಯಾರೂ ಇಲ್ಲದಾಗ. ಅವಳದು ಚಿಗವ್ವನದರಂತೆ ಆಗುತ್ತಿರಲಿಲ್ಲ. ಹಾಗಾಗಿ ನಾನು ಏನನ್ನೋ ನೋಡದೆ ಬಿಟ್ಟಿದ್ದೇನೆ ಎಂದು ಅವಳಿಗೆ ಖಾತ್ರಿಯಾಗುತ್ತಿತ್ತು.

ದಸರೆ ಮುಗಿಯಿತು. ಮಳೆ ಹಿಂದಾಗಿ ಬಿಸಿಲು ಬಿತ್ತು. ಬಳ್ಳಿಗಳು ಹಳದಿಯಾಗತೊಡಗಿದವು. ಕೊಟ್ಟಿಗೆಯ ಹಂಚಿನ ಮೇಲೆ ಒಂದು ದೊಡ್ಡ ಸೋರೆಕಾಯಿ, ಕೆಲವು ಹೀಚುಗಳು ಮಾತ್ರ ಉಳಿದಿದ್ದವು. ಆ ದೊಡ್ಡ ಕಾಯಿ ಇಳಿಸಿದ ದಿನ ಕಾಕಾ ಮನೆಯಲ್ಲೇ ಇದ್ದ. ಅವನು ಕಲಘಟಗಿಯ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಆ ದಿನ ಅಂಗಡಿಗೆ ಸೂಟಿ. ಚಿಗವ್ವ ಕಾಯಿ ಇಳಿಸಿ ತಂದು ತೊಟ್ಟಿನ ಬಿಲ್ಲೆ ಕೊಯ್ದು ಅಮ್ಮನ ಕೈಗೆ ಕೊಟ್ಟಳು. ನಾನು ಒಲೆಯ ಪಕ್ಕದಲ್ಲೇ ಕುಳಿತಿದ್ದೆ. ಅಮ್ಮ ನಾಲಗೆಗೆ ಹಚ್ಚಿದಳು, ಕಣ್ಣು ಮುಚ್ಚಿದಳು.

"ಸಪ್ಪಗೈತಿ. ಹಾಕು."

ಚಿಗವ್ವ ಹೋಗಲಿಲ್ಲ.

"ಅತ್ತಿ, ಬಳ್ಳಿ ಒಣಗಾಕ್ಹತ್ತೈತ್ರಿ. ಬಿಸಲಿಗೆ ಒಮ್ಮೊಮ್ಮೆ ಕಾಯಿ ಕೆಡ್ತಾವ. ನಾನೂ ಒಂದ ಸಲ ನೋಡ್ಲೇನ್ರಿ?"

"ಯಾಕ? ನನ್ನ ನಾಲಗಿ ಮ್ಯಾಲ ಸಂಶೇ ಬಂತೇನು?"

ಚಿಗವ್ವ ಕಾಯಿ ಎತ್ತಿಕೊಂಡು ಹೋಗಿ ಹೆಚ್ಚಿದಳು. ತೊಗರಿಬೇಳೆ, ಹುಣಸೆ, ಬೆಲ್ಲ ಹಾಕಿ ಹುಳಿ ಮಾಡಿದಳು. ಊಟಕ್ಕೆ ಮೊದಲು ಕುಳಿತವರು ಅಪ್ಪ, ಕಾಕಾ, ಅಮ್ಮ. ನನಗೆ ಹುಳಿ ಸೇರದು; ಮೊಸರಿನಲ್ಲಿ ರೊಟ್ಟಿ ಮುರಿದುಕೊಂಡು ಉಂಡೆ. ಎರಡು ತುತ್ತಿಗೆ ಅಪ್ಪ ಮುಖ ಸಿಂಡರಿಸಿದ.

"ಕಹಿ ಹತ್ತಾಕತ್ತೈತಲ್ಲ?"

"ಮೆಂತೆ ಹೊತ್ತಿರಬೇಕು. ಕಾಯಿ ನಾ ನೋಡೇನಿ," ಎಂದು ಅಮ್ಮ ತಾನೂ ಉಣ್ಣುತ್ತಲೇ ಹೇಳಿದಳು.

ತಾಟಿಗೆ ಬಿದ್ದದ್ದು ಪ್ರಸಾದ. ಅದನ್ನು ಬಿಟ್ಟು ಏಳುವ ಪದ್ಧತಿ ನಮ್ಮಲ್ಲಿರಲಿಲ್ಲ. ತಾಟು ತೊಳೆದ ನೀರನ್ನೂ ಕುಡಿಯುತ್ತಿದ್ದ ಮನೆ ಅದು. ಅಪ್ಪ ಪೂರ್ತಿ ಉಂಡ. ಕಾಕಾನೂ ಹೇಗೋ ಮುಗಿಸಿದ. ಅವ್ವ, ಚಿಗವ್ವ ಉಣ್ಣಲು ಕೂಡುವಷ್ಟರಲ್ಲಿ ಪಡಸಾಲೆಯಲ್ಲಿ ಅಪ್ಪ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದ. ಆಮೇಲೆ ಕಾಕಾ, ಆಮೇಲೆ ಅಮ್ಮ. ವಾಂತಿ ನಿಲ್ಲಲಿಲ್ಲ. ಅಪ್ಪನ ವಾಂತಿಯಲ್ಲಿ ಕೆಂಪು ಕಂಡಾಗ ಅವ್ವ ಹೊರಗೆ ಓಡಿ ಓಣಿಯವರನ್ನು ಕರೆದಳು. ಯಾರದೋ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಮೂವರನ್ನೂ ಕಲಘಟಗಿಗೆ ಒಯ್ದರು. ಅಪ್ಪನ ಕೈ ತಣ್ಣಗಾಗಿತ್ತು. ನಾನು ಆ ಕೈ ಹಿಡಿದುಕೊಂಡು ಟ್ರ್ಯಾಕ್ಟರಿನ ಜೊತೆ ಊರ ಅಗಸೆಬಾಗಿಲವರೆಗೆ ಓಡಿದೆ.

ಸಲೈನ್ ಹಚ್ಚಿದ ಡಾಕ್ಟರು ಏನು ತಿಂದಿರೆಂದು ಕೇಳಿ, ಸೋರೆಕಾಯಿ ಎಂದ ಕೂಡಲೇ ಕಹಿ ಇತ್ತೇ ಎಂದರಂತೆ. ಕಹಿ ಸೋರೆ ವಿಷವಿದ್ದ ಹಾಗೆ, ಜೀವವನ್ನೇ ತೆಗೆದೀತು ಎಂದು ಹೇಳಿದರಂತೆ. ಪಕ್ಕದ ಮಂಚದ ಮೇಲಿದ್ದ ಅಮ್ಮ ಇದನ್ನು ಕೇಳಿ, ಮನೆಗೆ ಬಂದ ದಿನವೇ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ನೀರಸ ದನಿಯಲ್ಲಿ ತನ್ನ ತೀರ್ಪು ಕೊಟ್ಟಳು.

"ಡಾಕ್ಟರ ಕಾಯಿ ನೋಡಿಲ್ಲ. ನಾ ನೋಡೇನಿ. ಕಾಯಿ ಸಪ್ಪಗಿತ್ತು. ಕಾಯಾಗ ಇರಲಿಲ್ಲ ಅಂದ್ರ ಕೈಯಾಗ ಇತ್ತು."

ಅವಳ ನಾಲಗೆ ಅಷ್ಟು ವರ್ಷ ಆ ಮನೆಯ ಕಾಯಿದೆಯಾಗಿತ್ತು. ಅದನ್ನು ಅಲ್ಲಗಳೆಯುವುದು ಯಾರಿಗೂ ತೋಚಲಿಲ್ಲ. ಉಳಿದ ಹುಳಿಯನ್ನು ಆ ಗದ್ದಲದಲ್ಲೇ ತಿಪ್ಪೆಗೆ ಸುರಿದಾಗಿತ್ತು. ಚಿಗವ್ವ ಬಳ್ಳಿಯಲ್ಲಿ ಉಳಿದಿದ್ದ ಹೀಚೊಂದನ್ನು ಕಿತ್ತು ತಂದು ಅವ್ವನ ಮುಂದೆ ಹಿಡಿದಳು.

"ಅಕ್ಕಾ, ಇದನ್ನ ನಾಲಗಿಗೆ ಹಚ್ಚಿ ನೋಡ್ರಿ. ಬಳ್ಳಿನ ಕಹಿ ಆಗೈತಿ."

ಅವ್ವ ಕೈ ಹಿಂದೆ ತೆಗೆದುಕೊಂಡಳು. ಚಿಗವ್ವ ಕೊಟ್ಟದ್ದನ್ನು ಬಾಯಿಗೆ ಇಡುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಚಿಗವ್ವ ಉಂಡಿರಲಿಲ್ಲ ಎಂಬುದು ದೊಡ್ಡ ಮಾತಾಯಿತು. ಓಣಿಯೆಲ್ಲ ಅದನ್ನೇ ಆಡಿತು. ಅವ್ವನೂ ಉಂಡಿರಲಿಲ್ಲ. ಅದನ್ನು ಯಾರೂ ಎತ್ತಲಿಲ್ಲ. ಮದ್ದು ತೆಗೆಯುವವನೊಬ್ಬನನ್ನು ಕರೆಸಿದರು. ಅವನು ಅಪ್ಪನಿಗೆ ಏನೋ ಕಷಾಯ ಕುಡಿಸಿ, ಮತ್ತೆ ವಾಂತಿ ಮಾಡಿಸಿ, ಅದನ್ನು ಕಡ್ಡಿಯಿಂದ ಕೆದಕಿ, ಮೂಡಣ ದಿಕ್ಕಿನಿಂದ ಬಂದ ಹೆಣ್ಣಿನ ಕೆಲಸ ಎಂದ. ನವಲಗುಂದ ನಮಗೆ ಮೂಡಣಕ್ಕೇ ಇತ್ತು. ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಮ್ಮ ಎಲ್ಲರೆದುರು ನನ್ನನ್ನು ಕರೆದು ಕೇಳಿದಳು.

"ನೀ ಅಲ್ಲೇ ಕುಂತಿದ್ದೆಲ್ಲ. ಏನ ಹಾಕಿದ್ಲು?"

"ಬ್ಯಾಳಿ, ಹುಣಸಿಹಣ್ಣು, ಬೆಲ್ಲ. ಬ್ಯಾರೆ ಏನೂ ಹಾಕಿಲ್ಲ ಅಮ್ಮ. ನಾ ನೋಡೇನಿ."

"ನಡಕ ಎದ್ದಿದ್ದೇನು?"

"ಸೌದಿ ತರಾಕ ಎದ್ದಿದ್ದೆ."

"ಅಷ್ಟ ಸಾಕು," ಎಂದಳು ಅಮ್ಮ.

ನಾನು ಅತ್ತೆ. ನೋಡಲು ಕಳಿಸಿದವರಿಗೇ ನಾನು ನೋಡಿದ್ದು ಬೇಡವಾಗಿತ್ತು. ಚಿಗವ್ವನಿಗೆ ಒಲೆ ಮುಟ್ಟುವುದು ನಿಂತಿತು. ಕಾಕಾ ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟ. ಬಾವಿಗೆ ಹೋಗಿ ತಾನೇ ಸೇದಿಕೊಂಡು ಬರುತ್ತಿದ್ದ, ಹೆಂಡತಿಯ ಮುಖ ನೋಡದೆ. ಕೆಟ್ಟವನಲ್ಲ ಅವನು. ತಾಯಿ ಹೇಳಿದ್ದನ್ನು ಅಲ್ಲಗಳೆಯುವ ರೂಢಿ ಇಲ್ಲದವನು. ಅಂಗಡಿಗೆ ಬರುವ ನವಲಗುಂದದ ಕಡೆಯವರೊಬ್ಬರ ಮೂಲಕ ಚಿಗವ್ವನ ತವರಿಗೆ ಹೇಳಿ ಕಳಿಸಿದರು: ಬಂದು ನಿಮ್ಮ ಮಗಳನ್ನು ಕರೆದುಕೊಂಡು ಹೋಗಿರಿ. ಚಿಗವ್ವ ಮಾತ್ರ ತಾನು ಹೋಗುವುದಿಲ್ಲ ಎಂದಳು. ಕಸ ಬಳಿದಳು, ಸೆಗಣಿ ಬಾಚಿದಳು, ಅವ್ವ ಹಾಕಿದ್ದನ್ನು ಉಂಡಳು.

ಅವಳ ಅಣ್ಣ ಬಂದದ್ದು ಒಂದು ಬೆಳಿಗ್ಗೆ. ಪಡಸಾಲೆಯಲ್ಲಿ ಅಪ್ಪ, ಕಾಕಾ ಅವನೆದುರು ಕುಳಿತಿದ್ದರು. ಅಮ್ಮನನ್ನು ಕರೆದುಕೊಂಡು ಬಾ ಎಂದು ನನ್ನನ್ನು ಹಿತ್ತಲಿಗೆ ಅಟ್ಟಿದರು. ಅಮ್ಮ ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಹಂಚಿನ ಮೇಲಿಂದ ಜೋತಿದ್ದ ಸೋರೆಯ ಹೀಚೊಂದು ಅವಳ ಕೈಯಲ್ಲಿತ್ತು, ಕಚ್ಚಿ ಅಗಿಯುತ್ತಿದ್ದಳು. ಉಗುಳಿದಳು. ಇನ್ನೊಂದನ್ನು ಕಚ್ಚಿದಳು. ಆಮೇಲೆ ಬೇಲಿಯ ಕಡೆ ನಡೆದು, ಅಲ್ಲಿ ಹಬ್ಬಿದ್ದ ಹಾಗಲಬಳ್ಳಿಯಿಂದ ಒಂದು ಹಸಿ ಹಾಗಲಕಾಯಿ ಕಿತ್ತು, ಸವತೆಕಾಯಿ ತಿನ್ನುವ ಹಾಗೆ ತಿಂದಳು. ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅಷ್ಟು ಹೆದರಿಕೆ ನನಗೆ ಅಪ್ಪನ ವಾಂತಿ ನೋಡಿದಾಗಲೂ ಆಗಿರಲಿಲ್ಲ. ಹಿಂದಿನ ಕೆಲವು ತಿಂಗಳಿಂದ ಅವಳು ಪ್ರತಿ ಊಟಕ್ಕೂ ಉಪ್ಪು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಅವ್ವ ಬೇಕೆಂದೇ ಉಪ್ಪು ಕಡಿಮೆ ಹಾಕುತ್ತಾಳೆ ಎಂದು ಜಗಳವನ್ನೂ ತೆಗೆದಿದ್ದಳು. ಅದೇನೆಂದು ಆ ಹೊತ್ತಿಗೆ ನನಗೂ ಅರ್ಥವಾಯಿತು, ಬಹುಶಃ ಅವಳಿಗೂ. ನನ್ನನ್ನು ಕಂಡು ಹತ್ತಿರ ಕರೆದಳು. ಸೋರೆಯ ಹೀಚನ್ನು ಮುರಿದು ಕೊಟ್ಟಳು.

"ನಾಲಗಿಗೆ ಹಚ್ಚು."

ಹಚ್ಚಿದೆ. ಕಹಿ ಗಂಟಲವರೆಗೆ ಇಳಿದು ಕಣ್ಣಲ್ಲಿ ನೀರು ಬಂತು.

"ಕಹಿ?"

"ಹೂಂ."

"ಭಾಳ?"

"ಭಾಳ, ಅಮ್ಮ."

ಅವಳು ನನ್ನ ಮುಖವನ್ನು ಬಹಳ ಹೊತ್ತು ಪರೀಕ್ಷೆ ಮಾಡಿದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಸಾಬೀತಾದರೆ ಒಳ್ಳೆಯದಿತ್ತು ಎಂಬ ಹಾಗಿತ್ತು ಆ ನೋಟ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ನಡೆದಳು.

ಪಡಸಾಲೆಯಲ್ಲಿ ಚಿಗವ್ವನ ಅಣ್ಣ ಮಾತಾಡುತ್ತಿದ್ದ. "ಬಳ್ಳಿಗೆ ಕಾಯಿ ಭಾರ ಆಗ್ತೈತೇನ್ರಿ? ನಮ್ಮ ಹುಡುಗಿ ನಮಗ ಭಾರಿಲ್ಲ. ಆದ್ರ ಮದ್ದು ಹಾಕಿದ್ಲು ಅನ್ನೂ ಮಾತ ಹೊತ್ತಕೊಂಡ ಆಕಿ ಬರಬಾರದು. ಅದನ್ನ ಯಾರ ನೋಡ್ಯಾರ ಹೇಳ್ರಿ."

ಅಮ್ಮ ಕಚ್ಚಿದ ಹೀಚನ್ನು ಅವನ ಮುಂದಿನ ಜಮಖಾನೆಯ ಮೇಲೆ ಇಟ್ಟಳು.

"ಯಾರೂ ನೋಡಿಲ್ಲ. ಆಕಿ ಏನೂ ಹಾಕಿಲ್ಲ. ಕಾಯಿನ ಕಹಿ ಇತ್ತು. ನನ್ನ ನಾಲಗಿ ಸತ್ತೈತಿ."

"ಏನಂದಿ ಬೇ?" ಎಂದ ಅಪ್ಪ.

"ನಿನ್ನ ಕಿವಿ ಸತ್ತಿಲ್ಲಲ್ಲ. ಕೇಳಿಸ್ಕೊ."

ಅಮ್ಮ ತಪ್ಪಾಯಿತು ಎಂದು ಹೇಳಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ; ಆಗಲೂ ಅವಳು ಹಾಗೆ ಹೇಳಲಿಲ್ಲ, ನಾಲಗೆ ಸತ್ತಿದೆ ಎಂದಳು, ಅಷ್ಟೇ. ಅಷ್ಟರಲ್ಲಿ ಒಳಗಿಂದ ಚಿಗವ್ವ ಟ್ರಂಕು ಹಿಡಿದುಕೊಂಡು ಬಂದಳು. ಸೀರೆ ಬದಲಿಸಿದ್ದಳು.

"ಅಣ್ಣಾ, ಹೋಗೂಣು ನಡಿ."

"ಹೇಳಿದೆನಲ್ಲ ಬೇ, ನಿಂದೇನೂ ತಪ್ಪಿಲ್ಲಂತ," ಎಂದಳು ಅಮ್ಮ.

"ಅದಕ್ಕ ಹೊಂಟೇನ್ರಿ ಅತ್ತಿ. ನಿನ್ನಿ ಹೋಗಿದ್ರ ಮದ್ದು ಹಾಕಿ ಓಡಿ ಹೋದ್ಲು ಅಂತಿದ್ರಿ. ಇವತ್ತ ನಡಕೊಂತ ಹೊಂಟೇನಿ."

ಕಾಕಾ ಎದ್ದು ನಿಂತ. ಚಿಗವ್ವ ಅವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ನೀರ ಸೇದಾಕ ಕಲ್ತೀರಿ. ನನ್ನದೊಂದ ಕೆಲಸ ಕಡಿಮಿ ಆತು."

ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಯಾರನ್ನೂ ನೋಡಲಿಲ್ಲ. ಮಧ್ಯಾಹ್ನ ಅವ್ವ ಅಪ್ಪನಿಗೆ ಬಡಿಸುತ್ತ, ಯಾರೂ ಕೇಳದಿದ್ದರೂ, ಒಂದು ಮಾತು ಹೇಳಿದಳು: "ಅವತ್ತ ನಾನೂ ಉಂಡಿದ್ದಿಲ್ಲ. ನನ್ನ ಯಾರೂ ಕೇಳಲಿಲ್ಲ." ಅಪ್ಪ ತಲೆ ತಗ್ಗಿಸಿಕೊಂಡೇ ಉಂಡ. ನನಗೆ ಅವ್ವನ ಮೇಲೆ ಇದ್ದ ಸಿಟ್ಟು ಆ ಹೊತ್ತಿಗೆ ಅರ್ಧ ಇಳಿಯಿತು. ಸ್ವಲ್ಪ ದಿನ ಬಿಟ್ಟು ಕಾಕಾ ಕರೆಯಲು ಹೋದ; ಒಬ್ಬನೇ ಮರಳಿದ. ಏನಾಯಿತೆಂದು ಅಪ್ಪ ಕೇಳಿದಾಗ ಹೇಳಿದ:

"ತಂಬಿಗಿ ತುಂಬ ನೀರ ತಂದ್ಲು. ಗಟಗಟ ಕುಡಿದೆ. 'ಈಗ ಕುಡೀತೀರಲ್ಲ, ಇಲ್ಲಿ ಯಾರೂ ನೋಡಾಕ್ಹತ್ತಿಲ್ಲಂತ,' ಅಂದ್ಲು."

ದೀಪಾವಳಿ ಚಿಗವ್ವನಿಲ್ಲದೆ ಕಳೆಯಿತು. ಬಳ್ಳಿಗಳನ್ನು ಅವ್ವ ಬೇರುಸಹಿತ ಕಿತ್ತು ಹಾಕಿದಳು, ಕುಂಬಳದ್ದೊಂದನ್ನು ಬಿಟ್ಟು. ಹಬ್ಬ ಮುಗಿದ ಮೇಲೆ ಅಮ್ಮ ತಾನೇ ಹೋಗುತ್ತೇನೆಂದಳು. ಊರು ಬಿಟ್ಟು ಎಲ್ಲಿಗೂ ಹೋಗದವಳು. ಜೊತೆಗೆ ನನ್ನನ್ನು ಕರೆದುಕೊಂಡಳು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಕಂಡಕ್ಟರು ಕೊಟ್ಟ ಚಿಲ್ಲರೆಯನ್ನು ನನ್ನನ್ನು ಮತ್ತೆ ಮತ್ತೆ ಎಣಿಸಲು ಹಚ್ಚಿದಳು, ಮಗ್ಗುಲಲ್ಲಿ ಕುಳಿತವಳ ಚೀಲವನ್ನು ಕಾಲಿನಿಂದ ದೂರ ತಳ್ಳಿದಳು. ಎರಡೂ ಬದಿಗೆ ಕರಿ ಹೊಲ, ಅದರಲ್ಲಿ ಮೊಣಕಾಲುದ್ದ ಜೋಳ. ಒಂದು ಗುಡ್ಡವಿಲ್ಲ, ಮರವಿಲ್ಲ. "ಇಂಥಲ್ಲಿ ಏನ ಬಚ್ಚಿಡಾಕೂ ಜಾಗಿಲ್ಲ," ಎಂದಳು ತನ್ನಷ್ಟಕ್ಕೇ.

ಚಿಗವ್ವ ಮರುದಿನ ನಮ್ಮ ಜೊತೆಗೇ ಬಂದಳು. ಹಿರಿಯರು ಕುಳಿತು ಅದರ ಮಾತುಕತೆಯನ್ನೆಲ್ಲ ಆಡಿ ಮುಗಿಸಿದ್ದು ಸಂಜೆ. ಆದರೆ ಅವಳು ಬರುವುದು ಅದಕ್ಕೂ ಮೊದಲೇ, ಮಧ್ಯಾಹ್ನದ ಊಟದಲ್ಲೇ ನಿಶ್ಚಯವಾಯಿತೆಂದು ನನಗೆ ಈಗಲೂ ಅನಿಸುತ್ತದೆ.

ನಮ್ಮನ್ನು ಅವರ ಪಡಸಾಲೆಯಲ್ಲಿ ಕೂರಿಸಿದ್ದರು. ಚಿಗವ್ವನ ತಾಯಿ ತಾಟು ತಂದಿಟ್ಟಳು: ಬಿಸಿ ರೊಟ್ಟಿ, ಕುಂಬಳಕಾಯಿ ಪಲ್ಯ, ಮೊಸರು. ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. ಅಮ್ಮ ರೊಟ್ಟಿ ಮುರಿದು ಪಲ್ಯಕ್ಕೆ ಒತ್ತಿ, ಆ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತಳು. ಆಮೇಲೆ ತಲೆ ಎತ್ತಿದಳು.

"ನೀಲಾ, ಇಲ್ಲಿ ಬಾ. ಇದು ಹೆಂಗೈತಿ ಹೇಳು. ನನಗ ರುಚಿ ಹತ್ತೂದಿಲ್ಲ."

ಬೀಗತಿ ಏನೂ ತಿಳಿಯದೆ ಮಗಳನ್ನು ನೋಡಿದಳು. ಚಿಗವ್ವ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. ತಾಯಿಯ ಬುಟ್ಟಿಯಿಂದ ರೊಟ್ಟಿಯ ಚೂರು ಮುರಿದು ಅಮ್ಮನ ತಾಟಿನಿಂದಲೇ ಪಲ್ಯ ತೆಗೆದುಕೊಂಡು ತಿಂದಳು.

"ಸಿಹಿ ಐತ್ರಿ. ಭಾಳಲ್ಲ. ಮ್ಯಾಲ ಗುರೆಳ್ಳಿನ ಒಗರ ಐತಿ. ಖಾರ ಆಮ್ಯಾಲ ಬರ್ತೈತಿ."

"ಉಪ್ಪು?"

"ಸಾಕಷ್ಟೈತ್ರಿ."

"ಕಹಿ?"

ಚಿಗವ್ವ ತುತ್ತು ನುಂಗಿದಳು. ಅಮ್ಮನ ಕಣ್ಣನ್ನು ನೇರವಾಗಿ ನೋಡಿದಳು.

"ಇಲ್ರಿ."

ಅಮ್ಮ ಅವಳನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಎಣ್ಣೆಯವನನ್ನು, ಓಣಿಯವರನ್ನು, ನಮ್ಮನ್ನು, ಬೀಜದ ಗಂಟನ್ನು ನೋಡಿದ ಅದೇ ನೋಟ. ಅದು ಚಿಗವ್ವನ ಮುಖದಿಂದ ಕೈಗೆ ಇಳಿಯಿತು, ಮತ್ತೆ ಮುಖಕ್ಕೆ ಬಂತು. ನಾನು ರೊಟ್ಟಿ ಮುರಿಯುವುದನ್ನೂ ಮರೆತು ಕುಳಿತಿದ್ದೆ. ಕೊನೆಗೆ ಅಮ್ಮ ತುತ್ತನ್ನು ಬಾಯಿಗಿಟ್ಟಳು. ನಿಧಾನವಾಗಿ ಅಗಿದು ನುಂಗಿದಳು.

"ಖಾರ ಆಮ್ಯಾಲ ಬರ್ತೈತಿ ಅಂದಿ."

"ಹೌದ್ರಿ."

"ಬರ್ಲಿ," ಎಂದು ಅಮ್ಮ ಎರಡನೆಯ ತುತ್ತು ಮುರಿದಳು.